ದಂಟಿಲ್ಲದ ಹೂವಿಗೆ ಪ್ರವೇಶವಿಲ್ಲ

ಹುಬ್ಬಳ್ಳಿಯಲ್ಲಿ ಅಕ್ಟೋಬರ್ ತಿಂಗಳಲ್ಲಿ ಎಲೆ ಉದುರುವುದಿಲ್ಲ. ಇಲ್ಲಿ ಎಲೆ ಉದುರುವುದು ಶಿವರಾತ್ರಿಯ ಆಚೀಚೆ. ಅಕ್ಟೋಬರಿನಲ್ಲಿ ಹಿಂಗಾರಿ ಮಳೆ ನಾಲ್ಕು ಹನಿ ಬಿದ್ದರೆ ಬೇಲಿಗೆ ನೆಟ್ಟ ಗೂಟವೂ ಚಿಗುರುತ್ತದೆ. ನಮ್ಮೂರಿನ ಗಾರ್ಡನ್ ಕ್ಲಬ್ಬಿಗೆ ಇದೇ ತಲೆನೋವಾಯಿತು. ಪುಷ್ಪ ಪ್ರದರ್ಶನದ ಥೀಮ್ ‘ಆಟಮ್’, ಅಂದರೆ ಎಲೆ ಉದುರುವ ಕಾಲ, ಅಂತ ಕಾರ್ಡ್ ಅಚ್ಚಾಗಿದೆ, ಮರಗಳು ಮಾತ್ರ ಸಹಕರಿಸುತ್ತಿಲ್ಲ. ಕೊನೆಗೆ ಆನ್‌ಲೈನಿನಲ್ಲಿ ಕೇಸರಿ ಬಣ್ಣದ ಮೇಪಲ್ ಎಲೆ ತರಿಸಿದರು. ಪ್ಲಾಸ್ಟಿಕ್ಕಿನವು. ಹಾಲ್ ಮುಂದಿನ ಬೇವಿನ ಮರದ ಕೆಳಗೆ ಹರಡಿದರು. ಬೆಳಿಗ್ಗೆ ಕಸ ಗುಡಿಸುವವರು ಬಂದು, ಯಾರೋ ಬರ್ತ್‌ಡೇ ಮಾಡಿ ಹೋಗಿದ್ದಾರೆ ಅಂದುಕೊಂಡು, ಅಷ್ಟನ್ನೂ ಚೀಲಕ್ಕೆ ತುಂಬಿದರು. ಮತ್ತೆ ಚೀಲ ಬಿಚ್ಚಿ, ಎಲೆ ಒರೆಸಿ, ಉದುರಿಸಿದ್ದಾಯಿತು.

ಗೇಟಿನ ಮೇಲೆ ದೊಡ್ಡ ಫ್ಲೆಕ್ಸ್: ‘ಪ್ಲಾಸ್ಟಿಕ್ ಮುಕ್ತ ಪ್ರದರ್ಶನಕ್ಕೆ ಸ್ವಾಗತ’. ಫ್ಲೆಕ್ಸ್ ಕೂಡ ಪ್ಲಾಸ್ಟಿಕ್ಕೇ, ರಾಜ್ಯದಲ್ಲಿ 2016ರಲ್ಲೇ ಅದಕ್ಕೆ ನಿಷೇಧ ಬಂದಿದೆ. ಇರಲಿ, ಸ್ವಾಗತ ಮಾಡುವವರನ್ನು ಕೆಣಕಬಾರದು.

ಸ್ಪರ್ಧೆಯ ನಿಯಮಗಳ ಪುಸ್ತಕ ಸಾಹುಕಾರರ ಮನೆಯ ಮದುವೆ ಕಾರ್ಡಿಗಿಂತ ದಪ್ಪಗಿತ್ತು. ಅದರಲ್ಲಿ ಒಂದು ನಿಯಮ ಹೀಗಿದೆ: ಹೂವಿಗೆ ಕನಿಷ್ಠ ಒಂದು ಅಡಿ ದಂಟು ಇರಬೇಕು, ಬಿಡಿ ಹೂವಿಗೆ ಪ್ರವೇಶವಿಲ್ಲ. ಒಂದೇ ಏಟಿಗೆ ಸೇವಂತಿಗೆ, ಚೆಂಡು ಹೂ, ಮಲ್ಲಿಗೆ, ಕನಕಾಂಬರ, ಗಲಾಟೆ ಹೂ ಎಲ್ಲವೂ ಹೊರಗೆ. ಅಂದರೆ ದುರ್ಗದಬೈಲಿನ ಸಂತೆಯಲ್ಲಿ ನಾವು ದಿನಾ ಕೊಳ್ಳುವುದು ಹೂವಲ್ಲ, ಬೇರೆ ಏನೋ.

ತಮಾಷೆ ಅಂದರೆ, ನಿಜವಾದ ಆಟಮ್ ಬರುವ ದೇಶಗಳಲ್ಲಿ ಪ್ರದರ್ಶನದ ರಾಣಿಯೇ ಸೇವಂತಿಗೆ. ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದಾಗ ಮೊಗ್ಗು ಬಿಡುವ ಗಿಡ ಅದು. ಅಮೆರಿಕದವರು ಮನೆ ಬಾಗಿಲಲ್ಲಿ ಅದರದೇ ಕುಂಡ ಸಾಲಾಗಿ ಇಡುತ್ತಾರೆ. ಜಪಾನಿನಲ್ಲಿ ಈ ದಿನಗಳಲ್ಲಿ ಬರೀ ಸೇವಂತಿಗೆಯದೇ ಪ್ರದರ್ಶನ ನಡೆಯುತ್ತದೆ, ಅಲ್ಲಿನ ಚಕ್ರವರ್ತಿಯ ಮುದ್ರೆಯೇ 16 ಎಸಳಿನ ಸೇವಂತಿಗೆ. ನಮ್ಮ ತೀರ್ಪುಗಾರ್ತಿ ಮೇಡಂ ಇಕೆಬಾನಾ ಅನ್ನುವ ಹೂ ಜೋಡಿಸುವ ಕಲೆ ಕಲಿತವರು. ಜಪಾನಿನ ವಿದ್ಯೆ ಕಲಿತು ಜಪಾನಿನ ರಾಜಮುದ್ರೆಯನ್ನೇ ಗೇಟಿನ ಹೊರಗೆ ನಿಲ್ಲಿಸಿದರು.

ನಿಂತದ್ದು ಬುಟ್ಟಿಯ ಜೊತೆ ಹೂವಿನ ಅಕ್ಕ. ಗದಗ ಕಡೆಯ ಸೇವಂತಿಗೆ, ಇಬ್ಬನಿ ಇನ್ನೂ ಆರಿರಲಿಲ್ಲ.

‘ಯಾಕ್ರೀ ಮೇಡಂ, ಇದು ಹೂವಲ್ಲೇನ್ರಿ?’

‘ಹೂವು ಖರೇ ಅಕ್ಕಾ. ಆದ್ರ ದಂಟು ಎಲ್ಲೈತಿ?’

‘ದಂಟು ಗಿಡದಾಗ ಐತ್ರಿ. ಹೂವಷ್ಟ ಹರಕೊಂಡ್ರ ನಾಳೆ ಮತ್ತ ಅರಳತಾವು. ದಂಟು ಕತ್ತರಿಸಿಕೊಂಡು ಬಂದ್ರ ನಾಳಿಗೇನ್ ಮಾಡೂದ್ರಿ?’

ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತು ಮಾಲೆ ಕಟ್ಟಲು ಶುರು ಮಾಡಿದರು. ಎರಡು ಹೂವು ಆ ಕಡೆ, ಎರಡು ಈ ಕಡೆ, ದಾರದ ಒಂದು ಸುತ್ತು, ಬೆರಳ ತುದಿಯಲ್ಲಿ ಒಂದು ಎಳೆತ. ನಾಲ್ಕು ಬೆರಳಿಗೊಂದು ದವನದ ಎಸಳು. ಕಣ್ಣು ಪೂರ್ತಿ ಗಿರಾಕಿಯ ಮೇಲೆ, ಕೈ ಕಡೆ ನೋಡುವುದೇ ಇಲ್ಲ. ಒಳಗೆ ಮೈಕಿನಲ್ಲಿ ಮೇಡಂ ಸಮತೋಲನ, ಪ್ರಮಾಣ, ಲಯ, ವೈರುಧ್ಯದ ಬಗ್ಗೆ ಉಪನ್ಯಾಸ ಕೊಡುತ್ತಿದ್ದರು.

ಒಳಗಿನ ಹೂವುಗಳನ್ನೆಲ್ಲ ಚುಚ್ಚಿದ್ದು ಹಸಿರು ಫೋಮಿಗೆ. ನೀರು ಕುಡಿಯುತ್ತದೆ, ಆದರೆ ಮಣ್ಣಲ್ಲಿ ಕರಗುವುದಿಲ್ಲ. ಪುಡಿಯಾಗಿ ಚರಂಡಿ ಸೇರುತ್ತದೆ, ಪುಡಿಯಾದರೂ ಪ್ಲಾಸ್ಟಿಕ್ಕೇ. ಲಂಡನ್ನಿನ ಚೆಲ್ಸಿ ಪುಷ್ಪ ಪ್ರದರ್ಶನದಲ್ಲಿ 2021ರಿಂದ ಇದನ್ನು ಬಳಸುವಂತಿಲ್ಲ. ಧಾರವಾಡದ ಒಬ್ಬ ಕಾಲೇಜು ಹುಡುಗಿ ಇದಕ್ಕೆ ಪರಿಹಾರ ತಂದಿದ್ದಳು. ದೀಪಾವಳಿಗೆ ಅಜ್ಜಿ ಸಗಣಿಯ ಪಾಂಡವರನ್ನು ಮಾಡಿ ಹೊನ್ನಾರಿ ಹೂವು, ಉತ್ತರಾಣಿ ಕಡ್ಡಿ ಚುಚ್ಚುತ್ತಾರಲ್ಲ, ಹಾಗೆಯೇ ಒಂದು ಸಗಣಿ ಉಂಡೆಗೆ ಹೂವು ಚುಚ್ಚಿ ಇಟ್ಟಿದ್ದಳು. ಹೂವು ಗಟ್ಟಿಯಾಗಿ ನಿಂತಿತ್ತು, ಫೋಮ್ ಬೇಕಾಗಿರಲಿಲ್ಲ. ಸಮಿತಿಯವರು ಮೂಗು ಮುಚ್ಚಿಕೊಂಡು ಚರ್ಚಿಸಿ, ‘ಪಾತ್ರೆ ನಿಯಮಕ್ಕೆ ತಕ್ಕುದಲ್ಲ’ ಎಂದು ಚೀಟಿ ಅಂಟಿಸಿದರು. ನನ್ನ ಮಟ್ಟಿಗೆ ಇಡೀ ಹಾಲಿನಲ್ಲಿ ಪ್ಲಾಸ್ಟಿಕ್ ಮುಕ್ತವಾಗಿ ಇದ್ದದ್ದು ಅದೊಂದೇ. ಬ್ಯಾಡಗಿ ಮೆಣಸಿನಕಾಯಿ ಜೋಡಿಸಿ ತಂದವರೊಬ್ಬರಿಗೆ ಮಾತ್ರ ಒಣ ವಸ್ತುಗಳ ವಿಭಾಗದಲ್ಲಿ ಜಾಗ ಸಿಕ್ಕಿತು. ಬಣ್ಣಕ್ಕೆ ಹೆಸರಾದ ಕಾಯಿ, ಖಾರ ಕಡಿಮೆ. ಆದರೂ ಉದ್ಘಾಟನೆಯ ಭಾಷಣದ ಹೊತ್ತಿಗೆ ಮುಂದಿನ ಸಾಲು ಸೀನುತ್ತಿತ್ತು.

ಉದ್ಘಾಟನೆ 10 ಗಂಟೆಗೆ ಅಂತ ಕಾರ್ಡಿನಲ್ಲಿತ್ತು. ಮುಖ್ಯ ಅತಿಥಿಗಳು ಬಂದಾಗ ಮಧ್ಯಾಹ್ನವಾಗಿತ್ತು. ಅವರು ಬರುವ ತನಕ ಯಾರೂ ಹೂವಿಗೆ ನೀರು ಹಾಕುವಂತಿಲ್ಲ, ಅದೂ ನಿಯಮ. ಜರ್ಬೆರಾಕ್ಕೆ ನೀರು ಕಡಿಮೆಯಾದರೆ ಕತ್ತು ಬಗ್ಗಿಸಿಬಿಡುತ್ತದೆ. ಒಂದು ಜರ್ಬೆರಾ, ಎರಡು ಒಣ ಕಡ್ಡಿ, ಒಂದಿಷ್ಟು ತಂತಿ ಸೇರಿಸಿ ‘ಅಸ್ತಿತ್ವದ ಹುಡುಕಾಟ’ ಅಂತ ಹೆಸರಿಟ್ಟಿದ್ದ ಕೃತಿಯೂ ಹಾಗೇ ನೆಲ ನೋಡುತ್ತಾ ನಿಂತಿತ್ತು. ಮೇಡಂ ಅದರ ಮುಂದೆ ಬಹಳ ಹೊತ್ತು ನಿಂತರು. ‘ಈ ಬಾಗುವಿಕೆಯಲ್ಲಿ ಎಂಥ ಲಯ!’ ಎಂದರು. ಪ್ರಥಮ ಬಹುಮಾನ. ಕೃತಿಕಾರರಿಗೂ ಆಶ್ಚರ್ಯ, ಬೆಳಿಗ್ಗೆ ಅದನ್ನು ನೆಟ್ಟಗೇ ನಿಲ್ಲಿಸಿದ್ದರಂತೆ.

ಬಹುಮಾನಕ್ಕೆ ನೀಲಿ ರಿಬ್ಬನ್. ಅಮೆರಿಕದ ಗಾರ್ಡನ್ ಕ್ಲಬ್ಬುಗಳಲ್ಲಿ ನೀಲಿ ಮೊದಲನೆಯದು, ಕೆಂಪು ಎರಡನೆಯದು. ಇಂಗ್ಲೆಂಡಿನಲ್ಲಿ ಕೆಂಪೇ ಮೊದಲು. ನಮ್ಮವರಿಗೆ ಎರಡೂ ಗೊತ್ತಿಲ್ಲ. ಹೀಗಾಗಿ ಕೆಂಪು ರಿಬ್ಬನ್ ಸಿಕ್ಕವರ ಮನೆಯವರು ವೇದಿಕೆಗೆ ಹತ್ತಿ ಫೋಟೋ ಹೊಡೆಸಿಕೊಂಡರು, ನೀಲಿ ಸಿಕ್ಕವರ ಮನೆಯವರು ಸಮಾಧಾನಕರ ಬಹುಮಾನ ಅಂದುಕೊಂಡು ಮುಖ ಸಣ್ಣ ಮಾಡಿಕೊಂಡು ಊಟಕ್ಕೆ ಹೋದರು.

ಆಮೇಲೆ ಬಂತು ಹಾರ. ಇಬ್ಬರು ಹೊತ್ತು ತಂದರು. ಅಷ್ಟೂ ಸೇವಂತಿಗೆ, ನಡುನಡುವೆ ಚೆಂಡು ಹೂ. ಒಂದು ಹೂವಿಗೂ ದಂಟಿಲ್ಲ. ಕಟ್ಟಿದ್ದು ಮೆಟ್ಟಿಲ ಮೇಲಿನ ಅಕ್ಕ, ಆರ್ಡರ್ ಕೊಟ್ಟದ್ದು ಇದೇ ಸಮಿತಿ. ಅತಿಥಿಗಳು ಕ್ಯಾಮೆರಾ ಕ್ಲಿಕ್ಕಾಗುವ ತನಕ ಅದನ್ನು ಹಾಕಿಕೊಂಡರು, ಮರುಕ್ಷಣ ತೆಗೆದು ಪಕ್ಕದ ಮೇಜಿನ ಮೇಲೆ ಇಟ್ಟರು. ಅಲ್ಲಿ ‘ಅಸ್ತಿತ್ವದ ಹುಡುಕಾಟ’ ಇತ್ತು. ಪಾಪ, ಹುಡುಕಾಟ ಅಲ್ಲಿಗೆ ಮುಗಿಯಿತು. ಜನ ಸುತ್ತ ಸೇರಿದರು. ಇಡೀ ದಿನ ಯಾವ ಮೇಜಿನ ಮುಂದೆಯೂ ಅಷ್ಟು ಜನ ನಿಂತಿರಲಿಲ್ಲ. ಸೇವಂತಿಗೆ ಕಿತ್ತು ಮುಡಿಗೆ ಇಟ್ಟುಕೊಂಡವರಲ್ಲಿ ಸಮಿತಿಯ ಇಬ್ಬರು ಸದಸ್ಯೆಯರೂ ಇದ್ದರು.

ಸಂಜೆ ಅಕ್ಕ ಹಾರದ ದುಡ್ಡು ಕೇಳಲು ಬಂದರು. ಖಜಾಂಚಿ ಖರ್ಚಿನ ಪಟ್ಟಿ ತೆಗೆದು ಮೇಲಿನಿಂದ ಕೆಳಗೆ ಬೆರಳಾಡಿಸಿದರು. ಮೇಪಲ್ ಎಲೆ ಇತ್ತು, ಫೋಮ್ ಇತ್ತು, ರಿಬ್ಬನ್, ಶಾಲು, ಫ್ಲೆಕ್ಸ್, ಸೌಂಡ್ ಸಿಸ್ಟಮ್ ಎಲ್ಲ ಇತ್ತು. ಹೂವು ಅನ್ನುವ ಕಾಲಮ್ಮೇ ಇರಲಿಲ್ಲ.

‘ಯಾವುದ್ರಾಗ ಬರೀಲಿ ಅಕ್ಕಾ ಇದನ್ನ?’ ಎಂದು ಅವರನ್ನೇ ಕೇಳಿದರು. ಆಮೇಲೆ ತಾವೇ ‘ಇತರೆ’ ಅಂತ ಬರೆದು ಸಹಿ ಹಾಕಿಸಿಕೊಂಡರು. ದುಡ್ಡು ಮುಂದಿನ ಮೀಟಿಂಗಿನ ನಂತರ.