ಟರ್ಫ್ ಬಾಡಿಗೆ ಕಟ್ಟಿ ಕ್ಲಬ್ ಉಳಿಸೋಕಾಗಲ್ಲ

ಬೆಂಗಳೂರಲ್ಲಿ ಫುಟ್‌ಬಾಲ್ ಆಡೋರಿಗೇನೂ ಬರ ಬಂದಿಲ್ಲ. ಏರಿಯಾಗೊಂದು ಟರ್ಫ್ (ಕೃತಕ ಹುಲ್ಲಿನ ಸಣ್ಣ ಮೈದಾನ), ಗಂಟೆಗಿಷ್ಟು ಅಂತ ಬಾಡಿಗೆ. ಆದರೆ ಜಿಲ್ಲಾ ಲೀಗ್‌ನ ಬಿ ಡಿವಿಷನ್, ಸಿ ಡಿವಿಷನ್ ಆಡೋ ಸಣ್ಣ ಕ್ಲಬ್‌ನವರನ್ನ "ಪ್ರಾಕ್ಟೀಸ್ ಎಲ್ಲಿ?" ಅಂತ ಕೇಳಿ ನೋಡಿ, ಮುಖ ಸಣ್ಣದಾಗುತ್ತೆ. ಐಟಿ ಹುಡುಗರು ಹತ್ತು ಜನ ಸೇರಿ ಹಂಚಿಕೊಳ್ಳೋ ಬಾಡಿಗೆಯನ್ನ ಆಟೋ ಓಡಿಸೋ ಕೋಚ್ ಒಬ್ಬರೇ ಎಲ್ಲಿಂದ ತರಬೇಕು?

ಇಂಥ ಕ್ಲಬ್‌ಗಳನ್ನ ಹಗುರವಾಗಿ ನೋಡೋರಿಗೆ ಒಂದೆರಡು ವಿಷಯ. ಮುಂಬೈಯಲ್ಲಿ ನಡೀತಿದ್ದ ಹಳೇ ಫುಟ್‌ಬಾಲ್ ಟೂರ್ನಿ ರೋವರ್ಸ್ ಕಪ್ಪನ್ನ 1937 ಮತ್ತು 1938ರಲ್ಲಿ ಸತತವಾಗಿ ಗೆದ್ದಿದ್ದು ಬೆಂಗಳೂರು ಮುಸ್ಲಿಮ್ಸ್ ಅನ್ನೋ ನಮ್ಮೂರ ಕ್ಲಬ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತಕ್ಕೆ ಸಿಕ್ಕ ಒಂದೇ ಗೋಲು ನಮ್ಮೂರಿನ ಸಾರಂಗಪಾಣಿ ರಾಮನ್ ಅವರದು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸಿ, 54 ವರ್ಷದ ನಂತರ ಕರ್ನಾಟಕಕ್ಕೆ ಸಂತೋಷ್ ಟ್ರೋಫಿ (ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿ) ತಂದವರಲ್ಲೂ ಸ್ಥಳೀಯ ಲೀಗ್ ಆಡಿ ಬಂದವರೇ ಹೆಚ್ಚು. ಫುಟ್‌ಬಾಲ್ ಹುಚ್ಚಿನ ಗೌತಮಪುರ, ಆಸ್ಟಿನ್ ಟೌನ್ ಕಡೆಯ ಗಲ್ಲಿಗಳಿಗೆ ಇದೆಲ್ಲ ಹೊಸ ಸುದ್ದಿಯಲ್ಲ ಬಿಡಿ.

ನನ್ನ ವಾದ ಇಷ್ಟೇ: ಪ್ರತಿ ಸಣ್ಣ ಕ್ಲಬ್ಬೂ ಒಂದು ಫುಟ್ಸಾಲ್ (ಸಣ್ಣ ಅಂಕಣದಲ್ಲಿ ಐದೈದು ಜನ ಆಡೋ ಫುಟ್‌ಬಾಲ್) ತಂಡ ಕಟ್ಟಬೇಕು. ಅದೂ ಟರ್ಫ್‌ನಲ್ಲಲ್ಲ, ಗಟ್ಟಿ ನೆಲದ ಮೇಲೆ.

ಟರ್ಫ್‌ನಲ್ಲಿ ಐದೈದು ಜನ ಆಡೋದನ್ನೇ ಫುಟ್ಸಾಲ್ ಅಂದುಕೊಂಡಿದ್ದೀವಿ. ಅಲ್ಲಿ ಸುತ್ತ ಬಲೆ ಇರುತ್ತೆ, ಕೆಟ್ಟ ಪಾಸ್ ಕೊಟ್ಟರೂ ಚೆಂಡು ಬಡಿದು ವಾಪಸ್ ಬರುತ್ತೆ. ಫುಟ್ಸಾಲ್‌ನಲ್ಲಿ ಗೆರೆ ದಾಟಿದರೆ ಚೆಂಡು ಎದುರಾಳಿಗೆ. ಅವರೂ ನಾಲ್ಕು ಸೆಕೆಂಡಿನೊಳಗೆ ಒಳಗೆ ಒದೀಬೇಕು. ನಾಲ್ಕನೇ ಸೈಜಿನ ಚೆಂಡು ಜಾಸ್ತಿ ಪುಟಿಯಲ್ಲ, ಅಂಗಾಲಲ್ಲಿ ತಡೆದು ತಿರುಗಲೇಬೇಕು. ಒಂದು ಅರ್ಧದಲ್ಲಿ ತಂಡದ ಆರನೇ ಫೌಲ್ ಆಯಿತೋ, ಎದುರಾಳಿಯ ಫ್ರೀ ಕಿಕ್‌ಗೆ ಆಟಗಾರರ ಅಡ್ಡ ಗೋಡೆ ನಿಲ್ಲಿಸೋ ಹಾಗಿಲ್ಲ, ಗೋಲ್‌ಕೀಪರ್ ಒಬ್ಬನೇ ಗತಿ. ಒರಟಾಟ ಆಡೋ ನಮ್ಮ ಡಿಫೆಂಡರ್‌ಗಳಿಗೆ ಇದಕ್ಕಿಂತ ಒಳ್ಳೆ ಪಾಠ ಬೇಕಾ?

ಜಾಗದ ಮಾತಿಗೆ ಬಂದರೆ, ಈ ಆಟ ಹುಟ್ಟಿದ್ದೇ ಜಾಗ ಇಲ್ಲದ ಕಡೆ. 1930ರಲ್ಲಿ ಮಾಂಟೆವಿಡಿಯೋದ ವೈಎಂಸಿಎಯಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಹೊಂದಿಸಿದ ಫುಟ್‌ಬಾಲ್ ಇದು. ಫುಟ್ಸಾಲ್ ಅಂಕಣ ಕನಿಷ್ಠ 25 ಮೀಟರ್ ಉದ್ದ, 16 ಮೀಟರ್ ಅಗಲ ಇರಬೇಕು. ಬ್ಯಾಸ್ಕೆಟ್‌ಬಾಲ್ ಅಂಕಣ 28ಕ್ಕೆ 15. ಪಕ್ಕದ ಖಾಲಿ ಜಾಗದಲ್ಲಿ ಒಂದು ಮೀಟರ್ ಹೊಂದಿಸಿಕೊಂಡರೆ ಆಯಿತು. ಹ್ಯಾಂಡ್‌ಬಾಲ್ ಅಂಕಣ ಇದ್ದರಂತೂ ಗೋಲು ಕಂಬಗಳೂ ಅದೇ ಅಳತೆಯವು.

ಸಿಮೆಂಟ್ ಮೇಲೆ ಬಿದ್ದರೆ ಮಂಡಿ ತರಚುತ್ತೆ, ನಿಜ. ಸ್ಟಡ್ ಬೂಟಿನ ಬದಲು ಚಪ್ಪಟೆ ಅಡಿಯ ಶೂ ಬೇಕು, ಅದೂ ಖರ್ಚೇ. ಆದರೂ ತಿಂಗಳ ಟರ್ಫ್ ಬಾಡಿಗೆ ಜೊತೆ ಹೋಲಿಸಿ ಲೆಕ್ಕ ಹಾಕಿ.

ನಮ್ಮ ಕ್ಲಬ್‌ನವರು ಶಾಲೆಯೊಂದಕ್ಕೆ ಅರ್ಜಿ ಕೊಟ್ಟಿದ್ದೀವಿ, ಭಾನುವಾರ ಬೆಳಿಗ್ಗೆ ಎರಡು ಗಂಟೆ ಅಂಕಣ ಬಿಟ್ಟುಕೊಡಿ ಅಂತ. ಶಾಲಾ ಆಡಳಿತ ಮಂಡಳಿಗಳಲ್ಲಿ ಇರೋರು ಯಾರಾದರೂ ಇದನ್ನ ಓದ್ತಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಕಸ ಗುಡಿಸಿ ಬೀಗ ಹಾಕಿ ಕೀಲಿ ಕೊಟ್ಟು ಹೋಗೋ ಜವಾಬ್ದಾರಿ ನಮ್ಮದು.