ಬೆಳದಿಂಗಳಿಗೆ ದೀಪದ ವ್ಯವಸ್ಥೆ

ವಿಜಯಪುರದ ನಮ್ಮ ಬಡಾವಣೆಯಲ್ಲಿ ಗೌರಿ ಹುಣ್ಣಿಮೆಯ ರಾತ್ರಿ ನಡೆಯಲಿದ್ದ ಬೆಳದಿಂಗಳ ಕಾರ್ಯಕ್ರಮಕ್ಕೆ ಬರಬೇಕೆಂದು ಸಮಿತಿಯವರು ಮನೆಗೇ ಬಂದು ಕೊಟ್ಟುಹೋದ ಆಮಂತ್ರಣ ಪತ್ರಿಕೆಯಲ್ಲಿ ಒಂಬತ್ತು ಮಂದಿ ಗಣ್ಯರ ಭಾವಚಿತ್ರಗಳಿದ್ದವು. ಚಂದ್ರನ ಚಿತ್ರ ಇರಲಿಲ್ಲ. ಹತ್ತನೆಯವನಿಗೆ ಜಾಗ ಸಾಲದೆ ಹೋಗಿರಬೇಕು. ಕೆಳಗೆ ದಪ್ಪ ಅಕ್ಷರಗಳಲ್ಲಿ ‘ವಿಶೇಷ ಸೂಚನೆ: ಮೈದಾನದ ತುಂಬ ಝಗಮಗಿಸುವ ವಿದ್ಯುದ್ದೀಪಗಳ ವ್ಯವಸ್ಥೆ ಇರುತ್ತದೆ’ ಎಂದು ಮುದ್ರಿಸಲಾಗಿತ್ತು. ಈಜಿನ ಸ್ಪರ್ಧೆಗೆ ಕರೆದವರು ‘ಬಾವಿಯ ನೀರನ್ನು ಪೂರ್ತಿ ಎತ್ತಿ ಹಾಕಲಾಗಿದೆ’ ಎಂದು ಭರವಸೆ ಕೊಟ್ಟಂತೆ ಕೇಳಿಸಿದ್ದರಿಂದ ನಾನು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಓದಿದ್ದು ಸರಿಯಾಗಿಯೇ ಇತ್ತು.

ನೆತ್ತಿಯ ಮೇಲೆ ನಿಂತ ಹುಣ್ಣಿಮೆಯ ಚಂದ್ರನಿಂದ ನೆಲಕ್ಕೆ ಸಿಗುವ ಬೆಳಕು, ಬೆಳಕನ್ನು ಅಳೆಯುವ ಲಕ್ಸ್ ಎಂಬ ಮಾನದಲ್ಲಿ, ಸುಮಾರು ಕಾಲು ಲಕ್ಸ್ ಮಾತ್ರ. ಸೂರ್ಯನು ಅವನಿಗಿಂತ ಏನಿಲ್ಲವೆಂದರೂ ನಾಲ್ಕು ಲಕ್ಷ ಪಟ್ಟು ಪ್ರಖರ. ಸಾಧಾರಣವಾದ ಒಂದು ಬೀದಿದೀಪವೂ ತನ್ನ ಬುಡದಲ್ಲಿ 10 ಲಕ್ಸ್ ಚೆಲ್ಲುತ್ತದೆ, ಎಂದರೆ ನಲವತ್ತು ಚಂದ್ರರಷ್ಟು. ಅಂಥದ್ದರಲ್ಲಿ ಮೈದಾನದ ಮೂಲೆಯಲ್ಲಿ ಮೊದಲೇ ಒಂದು ಹೈಮಾಸ್ಟ್ ಕಂಬವಿದೆ, ಅದರ ಮೇಲೆ ಸಮಿತಿಯು ಬಾಡಿಗೆಗೆ ತರಿಸಿದ ಫ್ಲಡ್‌ಲೈಟುಗಳು. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಶಾಲಾ ಪ್ರವಾಸದ ನಾಲ್ಕು ಬಸ್ಸುಗಳ ಮಕ್ಕಳು ಒಟ್ಟಿಗೆ ಹತ್ತಿ ಕೂಗುತ್ತಿರುವಾಗ ಆಚೆಯ ಗೋಡೆಯಿಂದ ಹೆಂಡತಿಯ ಪಿಸುಮಾತು ಕೇಳೀತೆಂದು ಕಿವಿಯಾನಿಸಿ ನಿಂತವರನ್ನು ನೀವು ನೋಡಿದ್ದೀರಿ. ನಮ್ಮ ಚಂದ್ರನ ಗತಿ ಆ ಹೆಂಡತಿಯದೇ ಆಗಿತ್ತು.

ಹೈಮಾಸ್ಟನ್ನು ಒಂದು ಗಂಟೆಯ ಮಟ್ಟಿಗೆ ಆರಿಸಬಹುದೇ ಎಂದು ಕೇಳಲು ನಾನು ಸಂಬಂಧಪಟ್ಟ ಕಚೇರಿಗೆ ಹೋದೆ. ಆಗ್ರಾದಲ್ಲಿ ಹುಣ್ಣಿಮೆಯ ರಾತ್ರಿ ಮತ್ತು ಅದರ ಹಿಂದಿನ ಎರಡು, ಮುಂದಿನ ಎರಡು ರಾತ್ರಿ, ಶುಕ್ರವಾರ ಮತ್ತು ರಂಜಾನ್ ತಿಂಗಳನ್ನು ಬಿಟ್ಟು, ಐವತ್ತೈವತ್ತು ಜನರ ತಂಡಗಳಿಗೆ ಅರ್ಧ ಗಂಟೆಯಂತೆ ತಾಜಮಹಲನ್ನು ಬೆಳದಿಂಗಳಲ್ಲಿ ತೋರಿಸುವ ಪದ್ಧತಿ 2004ರಿಂದ ಇದೆಯೆಂದು ಪೂರ್ವನಿದರ್ಶನವನ್ನೂ ಒದಗಿಸಿದೆ. ಗುಮಾಸ್ತರು ಸಾವಧಾನದಿಂದ ಕೇಳಿಸಿಕೊಂಡು, “ಸರ್ರ, ದೀಪ ಹಚ್ಚಾಕ ಆರ್ಡರ್ ಅದ, ಆರಸಾಕ ಆರ್ಡರ್ ಇಲ್ಲ” ಎಂದರು. ಕತ್ತಲೆಯಲ್ಲಿ ಯಾರಾದರೂ ಎಡವಿ ಬಿದ್ದರೆ ಹೊಣೆ ಯಾರು ಎಂಬ ಅವರ ಪ್ರಶ್ನೆಯಲ್ಲಿ ತಿರುಳಿತ್ತು, ಹೆಣ್ಣುಮಕ್ಕಳು ಓಡಾಡುವ ರಸ್ತೆಗೆ ದೀಪ ಬೇಡವೆನ್ನುವಷ್ಟು ರಸಿಕತೆ ನನಗೂ ಇಲ್ಲ. ಆದರೆ ಅದೇ ಕಂಬದ ದೀಪಗಳು ಮಧ್ಯಾಹ್ನ ಹನ್ನೆರಡಕ್ಕೂ ಉರಿಯುತ್ತಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆಗ ಎಡವುವವನು ಸೂರ್ಯನೊಬ್ಬನೇ.

ನನ್ನ ಕಾಟ ತಾಳಲಾರದೆ ಸಮಿತಿಯವರು ಒಂದು ರಾಜಿಸೂತ್ರ ಕಂಡುಕೊಂಡರು. ಮುಖ್ಯ ಅತಿಥಿಗಳು ವೇದಿಕೆಯ ಗುಂಡಿ ಒತ್ತಿ ಫ್ಲಡ್‌ಲೈಟುಗಳನ್ನು ಒಂದು ನಿಮಿಷ ಆರಿಸುವರು, ಅದಕ್ಕೆ ‘ಬೆಳದಿಂಗಳ ಲೋಕಾರ್ಪಣೆ’ ಎಂದು ಹೆಸರು. ಏಳು ಗಂಟೆಯ ಕಾರ್ಯಕ್ರಮಕ್ಕೆ ಒಂಬತ್ತಕ್ಕೆ ಬಂದ ಅತಿಥಿಗಳು ಗುಂಡಿ ಒತ್ತಿದರು. ಆ ಕ್ಷಣವನ್ನು ಚಿತ್ರೀಕರಿಸಲು ಮುನ್ನೂರು ಮೊಬೈಲುಗಳು ಬ್ಯಾಟರಿ ಹಚ್ಚಿಕೊಂಡು ಮೇಲೆದ್ದವು. ಹೈಮಾಸ್ಟು ತನ್ನ ಪಾಡಿಗೆ ತಾನು ಉರಿಯಿತು. ಕಣ್ಣಿನೊಳಗೆ ಮಂದ ಬೆಳಕಿಗೆಂದೇ ಇರುವ ಕೋಶಗಳು ಚುರುಕಾಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಅರವತ್ತು ಸೆಕೆಂಡಿನಲ್ಲಿ ಬೆಳದಿಂಗಳನ್ನು ನೋಡಿ ಮುಗಿಸಿದ ಸಭಿಕರು, “ಮೊದಲಿನಂಗ ಈಗ ಬೆಳಕು ಬೀಳೂದಿಲ್ಲ ಬಿಡ್ರಿ” ಎಂದು ಚಂದ್ರನ ಕಾರ್ಯಕ್ಷಮತೆಯ ಬಗ್ಗೆ ಅಸಮಾಧಾನ ವ್ಯಕ್ತಪಡಿಸಿ ಕುರ್ಚಿಯಲ್ಲಿ ಕುಳಿತರು.

ಅನಂತರ ದೀಪಗಳು ಮರಳಿ ಬಂದವು, ನೀಲಿ ಬಣ್ಣದವೂ ಜೊತೆಗೆ ಬಂದವು. ‘ಬೆಳದಿಂಗಳ ವಾತಾವರಣ ನಿರ್ಮಾಣ’ ಎಂಬ ಬಾಬಿನಲ್ಲಿ ನೀಲಿ ಎಲ್‌ಇಡಿಗಳನ್ನು ತರಿಸಲಾಗಿತ್ತು, ಏಕೆಂದರೆ ಸಿನಿಮಾದಲ್ಲಿ ರಾತ್ರಿ ನೀಲಿಯಾಗಿರುತ್ತದೆ. ಅಸಲಿಗೆ ಬೆಳದಿಂಗಳು ಬಿಸಿಲಿಗಿಂತ ತುಸು ಕೆಂಪಿನ ಕಡೆಗೇ ವಾಲುತ್ತದೆ. ಬೆಳಕು ಕುಗ್ಗಿದಂತೆ ನಮ್ಮ ಕಣ್ಣು ಕೆಂಪನ್ನು ಕಳೆದುಕೊಂಡು ನೀಲಿಯ ಕಡೆ ಹೆಚ್ಚು ಸೂಕ್ಷ್ಮವಾಗುವುದನ್ನು ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ 19ನೆಯ ಶತಮಾನದ ಆರಂಭದಲ್ಲೇ ಗುರುತಿಸಿದ್ದಾನೆ. ಚಂದ್ರನ ಮೈ ಕೂಡ ಬೆಳ್ಳಿಯದಲ್ಲ. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಹನ್ನೆರಡು ಪಾಲನ್ನಷ್ಟೇ ಅದು ಹಿಂದಿರುಗಿಸುತ್ತದೆ, ಸವೆದ ಡಾಂಬರು ರಸ್ತೆಯಷ್ಟೇ. ಗುಂಡಿ ಬಿದ್ದ ಡಾಂಬರಿನಿಂದ ಕವಿಗಳ ಸಾವಿರಾರು ವರ್ಷದ ಹೊಟ್ಟೆ ತುಂಬಿಸಿದ ಇಂಥ ಸಾಧನೆ ನಮ್ಮ ರಸ್ತೆಗಳಿಗೆ ಇನ್ನೂ ಕೈಗೂಡಿಲ್ಲ. ಅರ್ಧಚಂದ್ರನು ಹುಣ್ಣಿಮೆಯ ಅರ್ಧದಷ್ಟು ಬೆಳಕು ಕೊಡುತ್ತಾನೆಂದು ತಿಳಿಯುವುದೂ ತಪ್ಪು: ಓರೆಯ ಬಿಸಿಲಿನಲ್ಲಿ ಅಲ್ಲಿಯ ತಗ್ಗುದಿಣ್ಣೆಗಳ ನೆರಳು ಚಾಚಿಕೊಂಡು ನಮಗೆ ಸಿಗುವುದು ಸುಮಾರು ಹತ್ತರಲ್ಲೊಂದು ಪಾಲು. ಅರ್ಧ ಕೆಲಸಕ್ಕೆ ಹತ್ತನೆಯ ಒಂದರ ಬಿಲ್ಲು ಎಂಬ ಈ ಲೆಕ್ಕವನ್ನು ನಾನು ದೀಪದ ಗುತ್ತಿಗೆದಾರರಿಗೆ ವಿವರಿಸಿದಾಗ ಅವರು ನನ್ನನ್ನು ಕನಿಕರದಿಂದ ನೋಡಿದರು.

ಕುಯಿಂಜಿ ಎಂಬ ರಷ್ಯಾದ ಚಿತ್ರಕಾರನು 1880ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ದ್ನೀಪರ್ ನದಿಯ ಮೇಲಿನ ಬೆಳದಿಂಗಳಿನ ಒಂದೇ ಒಂದು ಚಿತ್ರವನ್ನು ಪ್ರದರ್ಶನಕ್ಕಿಟ್ಟಾಗ ಕಿಟಕಿಗಳಿಗೆಲ್ಲ ಪರದೆ ಎಳೆಸಿ ಸಭಾಂಗಣವನ್ನು ಕತ್ತಲಾಗಿಸಿದ್ದನು. ಬಣ್ಣದ ಚಂದ್ರ ಎಷ್ಟು ಹೊಳೆದನೆಂದರೆ ಹಿಂದೆ ದೀಪ ಇಟ್ಟಿರಬೇಕೆಂದು ಜನ ಕ್ಯಾನ್‌ವಾಸಿನ ಬೆನ್ನು ತಡಕಿ ನೋಡಿದರಂತೆ. ಹುಸಿ ಚಂದ್ರನಿಗೆ ಆತ ಕತ್ತಲೆ ಒದಗಿಸಿದ. ಖರೇ ಚಂದ್ರನಿಗೆ ನಾವು ಫ್ಲಡ್‌ಲೈಟು ಒದಗಿಸಿದೆವು.

ಭಾಷಣಗಳು ಮೂರಿದ್ದವು. ಮೊದಲಿನವರು, ಇಂದಿನದು ಸೂಪರ್‌ಮೂನ್, ಚಂದ್ರ ಎಂದಿಗಿಂತ ಹದಿನಾಲ್ಕು ಪಟ್ಟು ದೊಡ್ಡದಾಗಿದ್ದಾನೆ ಎಂದು ಘೋಷಿಸಿದಾಗ ಭಾರೀ ಚಪ್ಪಾಳೆ ಬಿತ್ತು. ಸೂಪರ್‌ಮೂನ್ ಎಂಬ ಹೆಸರು 1979ರಲ್ಲಿ ಒಬ್ಬ ಅಮೆರಿಕನ್ ಜ್ಯೋತಿಷಿ ಇಟ್ಟದ್ದು. ಅತ್ಯಂತ ದೂರದ ಹುಣ್ಣಿಮೆಗೆ ಹೋಲಿಸಿದರೆ ಅತ್ಯಂತ ಹತ್ತಿರದ್ದು ಶೇಕಡ 14ರಷ್ಟು ದೊಡ್ಡದಾಗಿ ಕಾಣುತ್ತದೆ. ಶೇಕಡ ಎಂಬ ಪದ ಧ್ವನಿವರ್ಧಕದಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿರಬೇಕು. ಎರಡನೆಯವರು ನಮ್ಮ ಪೂರ್ವಿಕರಿಗೆ ಎಲ್ಲವೂ ಗೊತ್ತಿತ್ತು ಎಂದರು, ಗೊತ್ತಿದ್ದದ್ದು ಏನೆಂದು ಮಾತ್ರ ಹೇಳಲಿಲ್ಲ. ಚಂದ್ರನ ಬೆಳಕು ಸೂರ್ಯನದು, ಗ್ರಹಣವೆಂದರೆ ನೆರಳು ಎಂದು ಆರ್ಯಭಟ 499ರಲ್ಲೇ ಬರೆದಿಟ್ಟಿದ್ದಾನೆ. ಬಿದಿಗೆ ಚಂದ್ರನ ಯಾವ ಕೊಂಬು ಎಷ್ಟು ಮೇಲೇಳುತ್ತದೆ ಎಂಬ ಲೆಕ್ಕಕ್ಕೆ ಭಾಸ್ಕರಾಚಾರ್ಯನು 1150ರ ತನ್ನ ಗ್ರಂಥದಲ್ಲಿ ಶೃಂಗೋನ್ನತಿ ಎಂಬ ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಆತ ತನ್ನ ಊರೆಂದು ಹೇಳಿಕೊಂಡ ವಿಜ್ಜಡವಿಡವು ನಮ್ಮ ವಿಜಯಪುರವೇ ಎಂದು ನಾವು ಎದೆಯುಬ್ಬಿಸುತ್ತೇವೆ, ವಿದ್ವಾಂಸರ ಜಗಳ ಇನ್ನೂ ಹರಿದಿಲ್ಲ. ಅವನು ಇಲ್ಲಿಯವನೇ ಆಗಿದ್ದರೂ ಈ ಮೈದಾನದಿಂದ ಬಿದಿಗೆ ಚಂದ್ರನ ಕೊಂಬು ಕಂಡು ಲೆಕ್ಕ ಕಟ್ಟುವುದು ಅವನಿಂದ ಆಗುತ್ತಿರಲಿಲ್ಲ. ಮೂರನೆಯವರು ಬೆಳದಿಂಗಳನ್ನೇ ಕುಡಿದು ಬದುಕುವ ಚಕೋರ ಪಕ್ಷಿಯ ಬಗ್ಗೆ ಕಣ್ಣಲ್ಲಿ ನೀರು ಬರುವಂತೆ ಮಾತನಾಡುತ್ತಿದ್ದಾಗ ಫ್ಲಡ್‌ಲೈಟಿನ ಹುಳುವೊಂದು ಅವರ ಬಾಯಿಗೇ ಹೊಕ್ಕಿದ್ದರಿಂದ ಮಾತು ಅಲ್ಲಿಗೆ ನಿಂತಿತು.

ಚಾಂದಬೀಬಿಯ ಹೆಸರಿನಲ್ಲಿ 1579ರಲ್ಲಿ ಚಾಂದಬಾವಡಿ ಕಟ್ಟಿಸಿದ ಊರು ಇದು. ಬಾವಿಗೂ ಚಂದ್ರನ ಹೆಸರು ಬರುವಂತೆ ನೋಡಿಕೊಂಡಿದ್ದ ಊರಿನಲ್ಲಿ ಈಗ ಮೈದಾನದ ಪಶ್ಚಿಮಕ್ಕೆ ಫೈಬರಿನ ಬಾಗುಚಂದ್ರನನ್ನು ನಿಲ್ಲಿಸಿ, ಅದರೊಳಗೆ ಕೂತು ಫೋಟೋ ತೆಗೆಸಿಕೊಳ್ಳಲು ಸರತಿ ಏರ್ಪಡಿಸಿದ್ದರು. ಜೋಡಿಯೊಂದು ಹಟ ಹಿಡಿದು ಪೂರ್ವಕ್ಕೆ ಬೆನ್ನು ಮಾಡಿ ನಿಂತಾಗ ಛಾಯಾಗ್ರಾಹಕನು ಕ್ಯಾಮೆರಾ ಇಳಿಸಿ, “ತಮ್ಮಾ, ಹಿಂದ ಯಾವುದೋ ಲೈಟ್ ಫ್ರೇಮಿನಾಗ ಬರಾಕತ್ತದ, ಹೇಳಿ ಬಂದ್ ಮಾಡಿಸು” ಎಂದು ಸಹಾಯಕನನ್ನು ಗದರಿದನು. ಹುಡುಗ ಆ ಕಡೆ ಓಡಿ, ಸ್ವಲ್ಪ ಹೊತ್ತು ತಲೆಯೆತ್ತಿ ನಿಂತು, ಏನೂ ಹೇಳದೆ ವಾಪಸು ಬಂದನು.

ನಮ್ಮ ಕಡೆಯ ಹುಣ್ಣಿಮೆಗಳಿಗೆ ಪಂಚಾಂಗ ಬೇಕಾಗಿಲ್ಲ. ಎತ್ತುಗಳಿಗೆ ಕಾರ ಹುಣ್ಣಿಮೆ, ಹೊಲಕ್ಕೆ ಶೀಗಿ ಹುಣ್ಣಿಮೆ, ಬಾದಾಮಿಯ ಬನಶಂಕರಿಗೆ ಬನದ ಹುಣ್ಣಿಮೆ, ಸವದತ್ತಿ ಎಲ್ಲಮ್ಮನಿಗೆ ಭಾರತ ಹುಣ್ಣಿಮೆ. ಗೌರಿ ಹುಣ್ಣಿಮೆಯಂತೂ ಸಣ್ಣ ಹುಡುಗಿಯರದು. ಕಟ್ಟಿಗೆಯ ಅಚ್ಚಿನಲ್ಲಿ ಎರೆದ ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು, ನಡುವೆ ದೀಪ ಹಚ್ಚಿ, ಹಾಡುತ್ತ ಗೌರಿಗೆ ಬೆಳಗಲು ಹೊರಟರೆ ಆ ಬಿಳಿಯ ಆನೆ, ಕುದುರೆ, ಬಸವಣ್ಣ ಬೆಳದಿಂಗಳಲ್ಲಿ ಒಳಗಿನಿಂದಲೇ ಬೆಳಗುವಂತೆ ಕಾಣುತ್ತಿದ್ದವು. ಇಲ್ಲಿ ಅದಕ್ಕೆ ಸ್ಪರ್ಧೆ ಇಟ್ಟಿದ್ದರು. ನಲವತ್ತು ಹುಡುಗಿಯರು ನೀಲಿ ಎಲ್‌ಇಡಿಯ ಕೆಳಗೆ ಸಾಲಾಗಿ ನಿಂತರು, ಸಕ್ಕರೆಯ ಬಸವಣ್ಣ ವಿಷ ಕುಡಿದ ಶಿವನಂತೆ ನೀಲಿಗಟ್ಟಿದನು, ತಟ್ಟೆಯ ದೀಪ ಹಚ್ಚುವುದಕ್ಕೆ ಅಗ್ನಿ ಸುರಕ್ಷತೆಯ ಕಾರಣಕ್ಕಾಗಿ ಅನುಮತಿ ಇರಲಿಲ್ಲ. ತೀರ್ಪುಗಾರರು ಪ್ಲಾಸ್ಟಿಕ್ ದೀಪ ಇಟ್ಟಿದ್ದ ತಟ್ಟೆಗೆ ಪ್ರಥಮ ಬಹುಮಾನ ಕೊಟ್ಟರು.

ವಂದನಾರ್ಪಣೆಯ ಹೊತ್ತಿಗೆ ಹನ್ನೊಂದೂವರೆ. ಜನ ಕರಗಿದರು, ಫ್ಲಡ್‌ಲೈಟುಗಳು ಆರಿದವು, ಹೈಮಾಸ್ಟು ಉರಿಯುತ್ತಲೇ ಇತ್ತು. ಹುಡುಗಿಯೊಬ್ಬಳ ತಟ್ಟೆಯಿಂದ ಬಿದ್ದ ಸಕ್ಕರೆ ಆನೆಯ ಸೊಂಡಿಲನ್ನು ಎತ್ತಿಡೋಣವೆಂದು ಹುಡುಕುತ್ತ ನಾನು ವೇದಿಕೆಯ ಹಿಂಬದಿಗೆ ಹೋದೆ. ಚಂದ್ರನ ಚಿತ್ರ ಮುದ್ರಿಸಿದ್ದ ಇಪ್ಪತ್ತು ಅಡಿಯ ಫ್ಲೆಕ್ಸ್ ಹೈಮಾಸ್ಟಿಗೆ ಅಡ್ಡವಾಗಿ ನಿಂತಿದ್ದರಿಂದ ಅದರ ಬೆನ್ನಿಗೆ ಉದ್ದನೆಯ ನೆರಳು ಬಿದ್ದಿತ್ತು, ಆ ನೆರಳಿನೊಳಗೆ ಊರಿನಲ್ಲಿ ಉಳಿದಿದ್ದ ಕತ್ತಲೆಯೆಲ್ಲ ಬಂದು ಕೂತಂತಿತ್ತು. ಅಲ್ಲಿ ವೈರು ಸುತ್ತುವ ಹುಡುಗರು ಮೂವರು ಕಡಕ್ ರೊಟ್ಟಿ, ಗುರೆಳ್ಳು ಚಟ್ನಿಯ ಗಂಟು ಬಿಚ್ಚಿ ಉಣ್ಣುತ್ತಿದ್ದರು. ಚಂದ್ರ ಸರಿಯಾಗಿ ನೆತ್ತಿಯ ಮೇಲಿದ್ದ. ಸುತ್ತಿಟ್ಟ ವೈರಿನ ಒಂದೊಂದು ಎಳೆಯೂ, ರೊಟ್ಟಿಯ ಮೇಲಿನ ಸುಟ್ಟ ಚುಕ್ಕೆಯೂ ಕಾಣುತ್ತಿತ್ತು. ನಾನು ಅಭ್ಯಾಸಬಲದಿಂದ ಮೊಬೈಲಿನ ಬೆಳಕು ಬಿಟ್ಟೆ.

“ಕಾಕಾ, ಬ್ಯಾಟರಿ ಬಂದ್ ಮಾಡ್ರಿ,” ಎಂದ ಒಬ್ಬ, ಅಂಗೈಯಿಂದ ಕಣ್ಣು ಮುಚ್ಚಿಕೊಂಡು. “ಊಟ ಕಾಣವಲ್ದು.”