ಸತ್ಯಾಂಶ: ಫರ್ ಮರಕ್ಕೂ ಗೆದ್ದಲು ಹಿಡಿಯುತ್ತದೆ

‘ಚಳಿ ದೇಶದ ಫರ್ ಮರದಲ್ಲಿ ರಾಳ ಜಾಸ್ತಿ, ಗೆದ್ದಲು ಹತ್ತಿರ ಸುಳಿಯಲ್ಲ’ ಎಂಬ ಸಂದೇಶ ಆಗಾಗ ಬರುತ್ತಿರುತ್ತದೆ. ಇದು ನಿಜವಲ್ಲ. ಪೈನ್‌ನಲ್ಲಿರುವಂಥ ರಾಳದ ನಾಳಗಳು ಫರ್ ದಿಮ್ಮಿಯಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ರಾಳ ಹೆಚ್ಚಾಗಿ ಎಳೆ ತೊಗಟೆಯ ಗುಳ್ಳೆಗಳಲ್ಲಿರುತ್ತದೆ. ಬಿಳಿಚು ಬಣ್ಣದ ಹಗುರ ಮರ. ಪ್ಯಾಕಿಂಗ್ ಪೆಟ್ಟಿಗೆಗೆ, ಕಾಗದಕ್ಕೆ, ಮನೆಯೊಳಗಿನ ಹಲಗೆಗೆ ಚೆನ್ನ; ಹಸಿ ನೆಲಕ್ಕೆ ತಾಗಿದರೆ ಬೇಗ ಕೊಳೆಯುತ್ತದೆ.

ಗೊಂದಲಕ್ಕೆ ಸರಕು ಪೇರಿಸುವ ಮರದ ಅಡಿಹಲಗೆಗಳಾದ ಪ್ಯಾಲೆಟ್‌ಗಳ ಮೇಲಿನ ‘ಎಚ್‌ಟಿ’ (ಹೀಟ್ ಟ್ರೀಟ್‌ಮೆಂಟ್) ಮುದ್ರೆಯೂ ಕಾರಣವಿದ್ದೀತು. ಮರದ ಒಳಭಾಗದವರೆಗೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಲಾಗಿದೆ ಎಂದಷ್ಟೇ ಅದರ ಅರ್ಥ. ಒಳಗಿದ್ದ ಹುಳು ಸಾಯುತ್ತದೆ, ಮುಂದೆ ಬರುವ ಗೆದ್ದಲಿಗೆ ತಡೆಯಿಲ್ಲ.

ಅನುಮಾನವಿದ್ದರೆ ಔಷಧಿ ಹಚ್ಚದ ಫರ್ ಚೂರೊಂದನ್ನು ತೇಗದ ಚೇಗಿನ (ಕಾಂಡದ ನಡುವಿನ ಗಟ್ಟಿ ಭಾಗದ) ಚೂರಿನ ಪಕ್ಕ ಹಿತ್ತಲ ಹಸಿ ಮಣ್ಣಲ್ಲಿ ಹೂತಿಡಿ. ಮಳೆಗಾಲ ಮುಗಿದ ಮೇಲೆ ಎರಡನ್ನೂ ತೆಗೆದು ಚಾಕುವಿನ ಮೊನೆಯಿಂದ ಚುಚ್ಚಿ ನೋಡಿ.